ಮುನ್ನುಡಿಯಲ್ಲಿ ಸಿಕ್ಕಿಬಿದ್ದ ಬ್ಯಾಡ್ಜ್

ಇದು ನಿಜವಾಗಿ ನಡೆದದ್ದು. ನಂಬಿಕೆ ಬಾರದವರು ಆಸ್ಪತ್ರೆಯ ನೆಲಮಾಳಿಗೆಗೆ ಇಳಿದು ಅಲ್ಲಿನ ಅಕ್ಕನನ್ನು ಕೇಳಬಹುದು. ಆದರೆ ಅಕ್ಕ ಇದಕ್ಕೆ ಉಪ್ಪುಖಾರ ಹಚ್ಚಿ ಹೇಳುತ್ತಾರೆ. ಅವರ ಕಥೆಯಲ್ಲಿ ಡಾಕ್ಟರಿಗೆ ಎರಡು ಸಲ ಮೂರ್ಛೆ ಬರುತ್ತದೆ. ನಿಜಕ್ಕೂ ಬಂದದ್ದು ಒಂದೇ ಸಲ, ಅದೂ ಅರ್ಧ. ಆದ್ದರಿಂದ ಇಲ್ಲಿ ಬರೆದದ್ದನ್ನೇ ನಂಬುವುದು ಕ್ಷೇಮ.

ಆ ನೆಲಮಾಳಿಗೆಯಲ್ಲಿರುವುದು ಕ್ಯಾನ್ಸರ್ ಗಡ್ಡೆಗಳಿಗೆ ವಿಕಿರಣ ಕೊಡುವ ವಿಭಾಗ. ದಪ್ಪ ಗೋಡೆಯ ಕೋಣೆಯಲ್ಲಿ ಒಂದು ದೊಡ್ಡ ಯಂತ್ರ. ರೋಗಿಯನ್ನು ಮಲಗಿಸಿ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿದ ಮೇಲೇ ಅದು ಕಿರಣ ಬಿಡುತ್ತದೆ. ಯಂತ್ರ ನಡೆಸುವವರು ಅಕ್ಕ. ವಯಸ್ಸಿನಲ್ಲಿ ಹಿರಿಯರಾದ ವೈದ್ಯರೂ ಅವರನ್ನು ಅಕ್ಕ ಎಂದೇ ಕರೆಯುವುದರಿಂದ ಆಸ್ಪತ್ರೆಯ ಸಂಬಳದ ಚೀಟಿ ಒಂದು ಬಿಟ್ಟು ಬೇರೆಲ್ಲೂ ಅವರ ಹೆಸರು ಉಳಿದಿಲ್ಲ.

ಅಲ್ಲಿನ ಒಬ್ಬ ವೈದ್ಯರಿಗೂ ಹೀಗೇ ಹೆಸರು ಹೋಗಿ 'ಮುನ್ನುಡಿ' ಎಂಬುದು ಉಳಿದಿತ್ತು. ತಜ್ಞರೆನಿಸಿಕೊಳ್ಳಲು ಅವರು ಮಂಡಳಿಯ ಪರೀಕ್ಷೆ ಪಾಸಾಗಬೇಕಿತ್ತು. ಎರಡು ವಿಷಯ: ವಿಕಿರಣ ಭೌತಶಾಸ್ತ್ರ, ವಿಕಿರಣ ಜೀವಶಾಸ್ತ್ರ. ಕಿರಣ ಹೇಗೆ ಹೋಗುತ್ತದೆ ಎಂಬುದು ಮೊದಲನೆಯದು. ಅದು ತಗುಲಿದವನು ಹೇಗೆ ಹೋಗುತ್ತಾನೆ ಎಂಬುದು ಎರಡನೆಯದು. ಮುನ್ನುಡಿ ಡಾಕ್ಟರು ಎರಡು ಸಲ ಕೂತು ಎರಡು ಸಲವೂ ಎದ್ದು ಬಂದಿದ್ದರು. ಮೂರನೆಯದೇ ಕೊನೆಯ ಅವಕಾಶ. ಈ ಸಲವೂ ಹೋದರೆ ಹುದ್ದೆಯೂ ಹೋಗುತ್ತದೆ ಎಂದು ಆಡಳಿತ ಕಚೇರಿ ಬಹಳ ಮರ್ಯಾದೆಯ ಭಾಷೆಯಲ್ಲಿ ತಿಳಿಸಿತ್ತು.

ಅವರು ಸೋಮಾರಿ ಎಂದು ಯಾರೂ ತಿಳಿಯಬಾರದು. ಬೆಳಿಗ್ಗೆಯಿಂದ ಸಂಜೆಯವರೆಗೆ ಪರೀಕ್ಷೆಯದೇ ಧ್ಯಾನ. ಒಂದೇ ತೊಡಕೆಂದರೆ, ಓದುವ ಮೊದಲು ಯಾವುದನ್ನು ಓದಬೇಕೆಂದು ತೀರ್ಮಾನವಾಗಬೇಕಲ್ಲ. ದಪ್ಪ ಪುಸ್ತಕದಲ್ಲಿ ಎಲ್ಲವೂ ಇದೆ, ಆದರೆ ಎಲ್ಲವೂ ಇದೆಯೆನ್ನುವುದೇ ಅದರ ದೋಷ. ತೆಳ್ಳಗಿನದು ಬೇಗ ಮುಗಿಯುತ್ತದೆ, ಓದುವವನೂ ಅದರೊಂದಿಗೇ ಮುಗಿದಾನು. ನೀಲಿ ರಟ್ಟಿನದು ಜೀವಶಾಸ್ತ್ರಕ್ಕೆ ಚೆನ್ನ, ಆದರೆ ಹೊಸ ಆವೃತ್ತಿಯಲ್ಲಿ ಚಿತ್ರಗಳು ಚಿಕ್ಕವು. ಪ್ರಶ್ನೆಗಳ ಸಂಗ್ರಹ, ಧ್ವನಿಮುದ್ರಿತ ಪಾಠ, ಹಿಂದಿನವರ ಝೆರಾಕ್ಸ್ ಟಿಪ್ಪಣಿ, ಸ್ನಾನದ ಮನೆಯಲ್ಲಿ ಅಂಟಿಸುವ ಪಟ, ಒಂದೂ ಬಿಟ್ಟಿರಲಿಲ್ಲ. ಯಾವುದು ಉತ್ತಮವೆಂದು ತೂಗಿ ನೋಡಲು ಎಲ್ಲದರ ಮುನ್ನುಡಿಯನ್ನೂ ಓದುತ್ತಿದ್ದರು. ಯಾವ ಲೇಖಕನ ಹೆಂಡತಿ ಎಷ್ಟು ಭಾನುವಾರ ಸಹಿಸಿಕೊಂಡಳು, ಯಾರ ನಾಯಿ ಹಸ್ತಪ್ರತಿಯ ಯಾವ ಅಧ್ಯಾಯ ತಿಂದಿತು, ಎಲ್ಲವೂ ಬಾಯಿಪಾಠ.

ಸೋಜಿಗವೆಂದರೆ ಅವರ ಸಲಹೆ ಕೇಳಿ ಪುಸ್ತಕ ಕೊಂಡ ಕಿರಿಯರೆಲ್ಲ ಪಾಸಾಗುತ್ತಿದ್ದರು. ಹಿಂದಿನ ಸಲದ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು, "ಅರ್ಧಾಯು ಅಂದ್ರೆ ಏನಪ್ಪಾ?" ಎಂದು ಕೇಳಿದ್ದಕ್ಕೆ ಇವರು, "ಸಾರ್, ಅದು ನಾಲ್ಕನೇ ಆವೃತ್ತೀಲಿ ಬಹಳ ಚೆನ್ನಾಗಿದೆ. ಐದನೇದ್ರಲ್ಲಿ ಕೆಡಿಸಿಬಿಟ್ಟಿದ್ದಾರೆ" ಎಂದಿದ್ದರು. ಪರೀಕ್ಷಕರು ಅದನ್ನು ಗುರುತು ಹಾಕಿಕೊಂಡರು, ಉತ್ತರವನ್ನಲ್ಲ, ಆವೃತ್ತಿಯನ್ನು.

ಇನ್ನು ಬ್ಯಾಡ್ಜಿನ ವಿಚಾರ. ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಎದೆಯ ಮೇಲೆ ಬೆಂಕಿಪೆಟ್ಟಿಗೆ ಗಾತ್ರದ ಒಂದು ಬ್ಯಾಡ್ಜ್ ಸಿಕ್ಕಿಸಿಕೊಳ್ಳಬೇಕು. ಮೈಮೇಲೆ ಎಷ್ಟು ವಿಕಿರಣ ಬಿತ್ತೆಂದು ಅದು ಸುಮ್ಮನೆ ಲೆಕ್ಕವಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಅದು ಪ್ರಯೋಗಾಲಯಕ್ಕೆ ಹೋಗಿ ಬರುತ್ತದೆ. ಮುನ್ನುಡಿ ಡಾಕ್ಟರಿಗೆ ಅದು ಬೇರೊಂದು ಕಾರಣಕ್ಕೆ ಮೆಚ್ಚುಗೆಯಾಗಿತ್ತು. ಅದಕ್ಕೊಂದು ಗಟ್ಟಿ ಕ್ಲಿಪ್ಪಿತ್ತು. ಪುಟದ ಗುರುತಿಗೆ ಅದಕ್ಕಿಂತ ಒಳ್ಳೆಯದು ಪೇಟೆಯಲ್ಲಿ ಸಿಗುವುದಿಲ್ಲ.

ಒಂದು ಮಧ್ಯಾಹ್ನ, ಯಂತ್ರ ಸುಮ್ಮನಿದ್ದ ಹೊತ್ತಿನಲ್ಲಿ, ಆ ತಂಪು ಕೋಣೆಯಲ್ಲಿ ಕೂತು ಅವರು ದಪ್ಪ ಪುಸ್ತಕ ತೆರೆದರು. ಒಂಬತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ನೀಲಿ ಪುಸ್ತಕವೇ ಮೇಲು ಅನ್ನಿಸಿತು. ಬ್ಯಾಡ್ಜ್ ತೆಗೆದು ಪುಟಕ್ಕೆ ಸಿಕ್ಕಿಸಿ, ಪುಸ್ತಕವನ್ನು, ಚಿಕಿತ್ಸೆಯ ಹೊತ್ತಿಗೆ ತಲೆ ಅಲುಗದಂತೆ ರೋಗಿಗಳಿಗೆ ತೊಡಿಸುವ ಮುಖದ ಅಚ್ಚುಗಳಿಡುವ ಕಪಾಟಿನಲ್ಲಿಟ್ಟು, ನೀಲಿಯದನ್ನು ತರಲು ಹೋದರು. ಹೋದವರು ಹೋದರು. ಪುಸ್ತಕವೂ ಬ್ಯಾಡ್ಜೂ ಅಲ್ಲೇ ಕೂತವು. ಆಮೇಲೆ ಮೂರು ತಿಂಗಳು ದಿನವಿಡೀ ರೋಗಿಗಳು ಬಂದರು, ಯಂತ್ರ ಗುನುಗಿತು, ಗೋಡೆಗೆ ಬಡಿದು ಚೆದುರಿದ ಕಿರಣ ಕಪಾಟಿಗೂ ಬಿತ್ತು. ಬ್ಯಾಡ್ಜ್ ತನ್ನ ಕರ್ತವ್ಯ ಮಾಡಿತು. ಕೊನೆಗೆ ಅಚ್ಚು ಹುಡುಕುವಾಗ ಅದು ಅಕ್ಕನ ಕೈಗೆ ಸಿಕ್ಕಿತು. ಅವರು ಅದನ್ನು ಫಿಸಿಕ್ಸ್ ಮೇಡಂಗೆ ಒಪ್ಪಿಸಿದರು. ಬ್ಯಾಡ್ಜುಗಳ ಜವಾಬ್ದಾರಿ ಹೊತ್ತಿದ್ದ, ಯಂತ್ರದ ಅಳತೆ ನೋಡುವ ಭೌತವಿಜ್ಞಾನಿ ಅವರೇ.

ಪ್ರಯೋಗಾಲಯದಿಂದ ವರದಿ ಬಂತು: ವರ್ಷದ ಮಿತಿಯ ಇನ್ನೂರು ಪಟ್ಟು.

ಮೇಡಂ ಗಾಬರಿಯಾಗಲಿಲ್ಲ. ಬ್ಯಾಡ್ಜ್ ಕೋಣೆಯಲ್ಲೇ ಉಳಿದಿತ್ತು, ಇದು ಮನುಷ್ಯನ ಮೇಲೆ ಬಿದ್ದದ್ದಲ್ಲ ಎಂದು ಬರೆಯಬೇಕಾದವರಿಗೆಲ್ಲ ಬರೆದು ಕಳಿಸಿದರು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯದಂತೆ ನೋಡಿಕೊಂಡವನು ಧ್ವನಿಪೆಟ್ಟಿಗೆ.

ಧ್ವನಿಪೆಟ್ಟಿಗೆ ಎಂದರೆ ವಿಭಾಗದ ಕಿರಿಯ ವೈದ್ಯ. ಮುನ್ನುಡಿಯವರ ಜೊತೆಗೇ ಆ ಪರೀಕ್ಷೆಗೆ ಕೂರಬೇಕಿದ್ದವನು. ಯಾರ ದನಿಯನ್ನಾದರೂ ಅರೆಗಳಿಗೆಯಲ್ಲಿ ತೆಗೆಯುತ್ತಿದ್ದ. ಕೆಟ್ಟುಹೋದ ಲಿಫ್ಟಿನ ದನಿಯನ್ನೂ.

"ಮೇಡಂ, ಇವ್ರಿಗೆ ಎರಡು ದಿನ ಹೇಳ್ಬೇಡಿ," ಎಂದ. "ಪರೀಕ್ಷೆ ಹೆದರಿಕೆಗಂತೂ ಇವ್ರು ಓದ್ಲಿಲ್ಲ. ಪ್ರಾಣದ ಹೆದರಿಕೆಗಾದ್ರೂ ಓದ್ತಾರೇನೋ ನೋಡೋಣ."

"ಹಾರ್ಟು ನಿಂತುಹೋದ್ರೆ?" ಎಂದರು ಮೇಡಂ.

"ಎಲ್ಲಿ ನಿಲ್ಬೇಕು ಅಂತ ತೀರ್ಮಾನ ಮಾಡೋಕೆ ಅದಕ್ಕೂ ಒಂದು ವರ್ಷ ಬೇಕು ಬಿಡಿ," ಎಂದರು ಅಕ್ಕ.

ಮರುದಿನ ಬೆಳಿಗ್ಗೆ ಮುನ್ನುಡಿಯವರು ಮನೆಯಲ್ಲಿ ಪುಸ್ತಕಗಳ ನಡುವೆ ಕೂತಿದ್ದಾಗ ಫೋನ್ ಬಂತು. ಮೂಗಿನಿಂದ ಹೊರಟು ಮೂಗಿನಲ್ಲೇ ಮುಗಿಯುವ ದನಿ.

"ವಿಕಿರಣ ತನಿಖಾಧಿಕಾರಿ ಮಾತಾಡ್ತಿರೋದು ಎಂಬುದಾಗಿ. ತಾವೇನಾ?"

"ಹೌದು ಸಾರ್, ನಾನೇ."

"ಖಚಿತವಾಗಿ? ಯಾಕಂದ್ರೆ ನಮ್ಮ ದಾಖಲೆ ಪ್ರಕಾರ ತಾವು ಇರಬಾರದು ಎಂಬುದಾಗಿ."

ಅಧಿಕಾರಿ ಬ್ಯಾಡ್ಜಿನ ಅಂಕಿ ಓದಿ ಹೇಳಿದರು. ಮುನ್ನುಡಿಯವರು ಕುರ್ಚಿಯಿಂದ ಜಾರಿ ನೆಲಕ್ಕೆ ಬಂದರು. ಆರಂಭದಲ್ಲಿ ಹೇಳಿದ ಅರ್ಧ ಮೂರ್ಛೆ ಇದೇ. ಉಳಿದರ್ಧಕ್ಕೆ ಸಮಯ ಸಿಗಲಿಲ್ಲ. ಅಧಿಕಾರಿ ಮಾತಾಡುತ್ತಲೇ ಇದ್ದರು.

"ಇಂಥ ಡೋಸ್ ಒಟ್ಟಿಗೆ ಬಿದ್ದವರಲ್ಲಿ ಅರ್ಧ ಜನ ಅರವತ್ತು ದಿನದೊಳಗೆ ತೀರಿಕೊಳ್ತಾರೆ. ತಾವು ಯಾವ ಅರ್ಧ ಎಂಬುದನ್ನ ಶುಕ್ರವಾರದ ವಿಚಾರಣೆಯಲ್ಲಿ ಸಾಬೀತುಪಡಿಸತಕ್ಕದ್ದು. ನಾನು ಫೋನಿನಲ್ಲೇ ಕೇಳ್ತೀನಿ. ತಯಾರಿಗೆ ಒಂದು ಪುಸ್ತಕ ಬಳಸಬಹುದು. ಒಂದೇ."

"ಒಂದೇನಾ ಸಾರ್? ಭೌತಶಾಸ್ತ್ರಕ್ಕೆ ದಪ್ಪದ್ದು ಆಗುತ್ತೆ. ಜೀವಶಾಸ್ತ್ರಕ್ಕೆ ನೀಲಿದು. ನೀಲಿದ್ರಲ್ಲೂ ಹಳೇ ಆವೃತ್ತಿ..."

"ಎಡಗೈ ಚಾಚಿ."

ಚಾಚಿದರು.

"ಏನು ಸಿಕ್ತು?"

ಸಿಕ್ಕಿದ್ದು ಮೇಜಿನ ಕುಂಟುಗಾಲಿನ ಕೆಳಗೆ ಆಸರೆಗೆ ಇಟ್ಟಿದ್ದ ಒಂದು ಹಳೆಯ ಪುಸ್ತಕ. ಗುಜರಿ ಅಂಗಡಿಯದು. ರಟ್ಟಿಲ್ಲ, ಲೇಖಕನ ಹೆಸರಿಲ್ಲ. ಮೊದಲ ಹಾಳೆಗಳು ಹರಿದುಹೋಗಿ ನೇರವಾಗಿ ಒಂದನೇ ಅಧ್ಯಾಯದಿಂದಲೇ ಶುರುವಾಗುತ್ತಿತ್ತು.

"ಸಾರ್, ಇದಕ್ಕೆ ಮುನ್ನುಡಿ ಇಲ್ಲ," ಎಂದರು ಅನಾಥರಂತೆ.

"ಅದೇ ಎಂಬುದಾಗಿ," ಎಂದು ಆ ದನಿ ಫೋನು ಇಟ್ಟುಬಿಟ್ಟಿತು.

ಕೂಡಲೇ ಅವರು ಫಿಸಿಕ್ಸ್ ಮೇಡಂಗೆ ಫೋನು ಮಾಡಿ, ಅರ್ಧ ಜನ ಹೋಗ್ತಾರಂತೆ, ವರದಿ ಬಂದಿದೆಯಾ ಎಂದು ಕೇಳಿದರು. ಮೇಡಂ, "ಹೌದು ಡಾಕ್ಟ್ರೇ, ವರದಿ ಬಂದಿದೆ" ಎಂದಷ್ಟೇ ಹೇಳಿದರು. ಸುಳ್ಳಲ್ಲ. ಹಾಗಾದರೆ ಬ್ಯಾಡ್ಜ್ ಎಲ್ಲಿತ್ತು, ಯಾವ ಕೋಟಿನ ಮೇಲಿತ್ತು? ಮುನ್ನುಡಿಯವರು ಎಷ್ಟು ತಲೆ ಕೆರೆದುಕೊಂಡರೂ ನೆನಪಿಗೆ ಬಂದದ್ದು ಮೂರು ಪುಸ್ತಕಗಳ ಬೆಲೆ ಮಾತ್ರ.

ಮನೆಯಲ್ಲಿ ಹೇಳಬಾರದೆಂದುಕೊಂಡಿದ್ದರು. ಆದರೆ ಬಾಗಿಲ ಹಿಂದೆ ಮಾವನವರಿದ್ದರು. ಮಾವನವರು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ನಿವೃತ್ತಿಯಾದದ್ದು ಕೆಲಸದಿಂದ, ತಪಾಸಣೆಯಿಂದಲ್ಲ.

"ಅಳಿಯಂದಿರೇ, ಅರ್ಧ ಜನ ಹೋಗ್ತಾರೆ ಅಂದ್ರಲ್ಲ, ಯಾರು?"

"ಏನಿಲ್ಲ ಮಾವ, ಪರೀಕ್ಷೆದು."

"ಪರೀಕ್ಷೇಲಿ ನೀವು ಯಾವತ್ತೂ ಪೂರ್ತಿ ಹೋಗೋದು. ಇದು ಬೇರೆ ಏನೋ. ತೋರಿಸಿ ಇಲ್ಲಿ."

ಹತ್ತು ನಿಮಿಷದಲ್ಲಿ ವಿಷಯ ಹೊರಬಂತು. ಹೆಂಡತಿ ಅಡುಗೆಮನೆಯಿಂದ ಸೌಟಿನ ಸಮೇತ ಬಂದರು.

"ರೀ, ನಿಮಗೆ ಏನಾದ್ರೂ ಆಗ್ತಿದೆಯಾ? ವಾಂತಿ, ಸುಸ್ತು?"

"ಇಲ್ಲ. ಹಸಿವಾಗ್ತಿದೆ."

"ಅದು ಮದುವೆಗೆ ಮುಂಚಿಂದ ಇದೆ," ಎಂದರು ಮಾವ. "ಲೈಟು ಆರಿಸು ಮಗಳೇ, ಒಂದ್ಸಲ ನೋಡ್ಬಿಡೋಣ."

ಮೂವರೂ ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮುನ್ನುಡಿಯವರು ಕತ್ತಲಲ್ಲಿ ಬಹಳ ಸಂಕೋಚದಿಂದ ನಿಂತರು. ಏನೂ ಹೊಳೆಯಲಿಲ್ಲ.

"ಇವ್ರದ್ದು ಎಲ್ಲಾ ತಡ, ಮಕ್ಕಳ ಕಾಲಕ್ಕೆ ಹೊಳೀಬಹುದು," ಎಂದು ಮಾವನವರು ಮಗಳ ಮುಂದಿನ ಬದುಕಿನ ಬಗ್ಗೆ ಒಂದು ನಿಟ್ಟುಸಿರು ಬಿಟ್ಟರು.

ಕತ್ತಲೆಯಿಂದ ಮೂವರು ಸಾಲಾಗಿ ಹೊರಬರುವುದನ್ನು ನೋಡಿದವರು ಕಟ್ಟಡದ ಸಂಘದ ಕಾರ್ಯದರ್ಶಿ. ನೀರಿನ ಪಂಪಿನ ಬಗ್ಗೆ ಸಹಿ ಹಾಕಿಸಲು ಬಂದಿದ್ದರು. ಮಾವನವರಿಂದ ಸಂಗತಿ ತಿಳಿದು ಸಹಿ ಬೇಡವೆಂದರು. ತಮ್ಮ ಪೆನ್ನನ್ನೂ ಹಿಂದಕ್ಕೆ ತೆಗೆದುಕೊಂಡರು. ಸಂಜೆಯ ಹೊತ್ತಿಗೆ ಲಿಫ್ಟಿನ ಬಾಗಿಲಿಗೆ ಒಂದು ಪ್ರಕಟಣೆ ಅಂಟಿತ್ತು: 'ಮೂರನೇ ಮಹಡಿಯವರು ಮೆಟ್ಟಿಲು ಬಳಸಬೇಕಾಗಿ ವಿನಂತಿ. ಹೃದಯಕ್ಕೂ ಒಳ್ಳೆಯದು.' ಎದುರು ಮನೆಯವರು ತಮ್ಮ ಬಟ್ಟೆ ಒಣಹಾಕುವ ತಂತಿಯನ್ನು ಬಿಚ್ಚಿ ಆಚೆ ಕಡೆಗೆ ಕಟ್ಟಿದರು. ಕಾರ್ಯದರ್ಶಿಯ ಹೆಂಡತಿ ಮಾತ್ರ ಧೈರ್ಯ ಮಾಡಿ ಬಂದು, ತಮ್ಮ ಮಂಡಿನೋವಿಗೆ ಡಾಕ್ಟರು ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತರೆ ಗುಣವಾದೀತೇ ಎಂದು ವಿಚಾರಿಸಿದರು.

ಇಷ್ಟೆಲ್ಲ ಆದ ಮೇಲೆ ಓದದೆ ಬೇರೆ ದಾರಿ ಇರಲಿಲ್ಲ. ರಟ್ಟಿಲ್ಲದ ಪುಸ್ತಕ ತೆರೆದರು. ಎಂದಿನ ಅಭ್ಯಾಸದಂತೆ ಲೇಖಕನ ಹೆಂಡತಿಯನ್ನು ಹುಡುಕಿದರು, ಆಕೆ ಇರಲಿಲ್ಲ. ಇದ್ದದ್ದು ಪರಮಾಣು. ಪುಟ ತಿರುಗಿಸಿದರು. ಅಲ್ಲೂ ಪರಮಾಣುವೇ. ಮೂರನೆಯ ಪುಟದ ಹೊತ್ತಿಗೆ ಬೇರೆ ಪುಸ್ತಕ ಇದಕ್ಕಿಂತ ಚೆನ್ನಾಗಿರಬಹುದೆಂದು ಕೈ ತಾನಾಗಿ ಎದ್ದಿತು. ಆದರೆ ಕಿವಿಯಲ್ಲಿ 'ಒಂದೇ ಎಂಬುದಾಗಿ' ಎಂದು ಮೂಗು ಗುಂಯ್‌ಗುಟ್ಟಿತು. ಕೈ ಇಳಿಯಿತು.

ಓದುತ್ತಾ ಓದುತ್ತಾ ಅವರಿಗೆ ವಿಚಿತ್ರವಾದದ್ದೊಂದು ಅನುಭವಕ್ಕೆ ಬಂತು. ಅರ್ಥವಾಗುತ್ತಿತ್ತು. ಇಷ್ಟು ದಿನ ಪರೀಕ್ಷೆಯಲ್ಲಿ 'ಒಬ್ಬ ಮನುಷ್ಯ' ಎಂದು ಬರುತ್ತಿದ್ದವನು ಈಗ ತಾವೇ ಆಗಿದ್ದರು. ರಕ್ತದ ಯಾವ ಕಣ ಮೊದಲು ಸಾಯುತ್ತದೆ ಎಂಬ ಸಾಲು ಬಂದಾಗ ತಮ್ಮ ತೋಳು ಹಿಡಿದು ನೋಡಿಕೊಂಡರು. ಕೂದಲು ಉದುರುವುದರ ಬಗ್ಗೆ ಬಂದಾಗ ಕನ್ನಡಿಯ ಮುಂದೆ ಹೋದರು. ಹಳೆಯ ನಷ್ಟವನ್ನೂ ಹೊಸ ನಷ್ಟವನ್ನೂ ಬೇರ್ಪಡಿಸುವುದು ಸುಲಭವಾಗಿರಲಿಲ್ಲ. ಆಸ್ಪತ್ರೆಗೆ ಓಡಿ ರಕ್ತಪರೀಕ್ಷೆ ಮಾಡಿಸಿದರು. ವರದಿ ಚೆನ್ನಾಗಿಯೇ ಇತ್ತು. ಅದು ಯಾಕೆ ಚೆನ್ನಾಗಿದೆ ಎಂದು ತಿಳಿಯಲು ಇನ್ನೆರಡು ಅಧ್ಯಾಯ ಓದಿದರು.

ಗುರುವಾರ ಮೆಟ್ಟಿಲ ಮೇಲೆ ಕಾರ್ಯದರ್ಶಿ ಎದುರಾಗಿ ಗೋಡೆಗೆ ಅಂಟಿಕೊಂಡು ನಿಂತರು. ಮುನ್ನುಡಿಯವರು ತಡೆದು ನಿಂತರು.

"ನಿಮ್ಮ ಮುಖಕ್ಕೆ ಟಾರ್ಚು ಬಿಟ್ಟು ಆರಿಸಿದ್ರೆ, ಆಮೇಲೆ ನಿಮ್ಮ ಮುಖ ಬೆಳಗ್ತಾ ಇರುತ್ತಾ?"

"ನನ್ನ ಮುಖಕ್ಕೆ ಯಾಕೆ ಸಾರ್ ಟಾರ್ಚು? ನಾನೇನು ಮಾಡಿದ್ದೀನಿ?"

"ನಮ್ಮ ಯಂತ್ರವೂ ಟಾರ್ಚಿನ ಹಾಗೇ. ಆರಿಸಿದ ಮೇಲೆ ಮೈಯಲ್ಲಿ ಕಿರಣ ಉಳಿಯಲ್ಲ. ನಮ್ಮಲ್ಲಿ ಚಿಕಿತ್ಸೆ ತಗೊಂಡವ್ರು ಮನೆಗೆ ಹೋಗಿ ಮೊಮ್ಮಕ್ಕಳನ್ನ ಎತ್ಕೊಳ್ತಾರೆ."

ಕಾರ್ಯದರ್ಶಿ, "ಅಂದ್ರೆ ನಮ್ಮ ಮನೆಯವರ ಮಂಡಿನೋವಿಗೆ ಏನೂ ಉಪಯೋಗ ಇಲ್ಲ" ಎಂದು ನಿರಾಶರಾಗಿ ಇಳಿದು ಹೋದರು. ಆ ದಿನವೇ ಪ್ರಕಟಣೆಯೂ ಇಳಿಯಿತು.

ಶುಕ್ರವಾರ ವಿಭಾಗದ ಸಭಾಕೋಣೆಯಲ್ಲಿ ಮೇಜಿನ ನಡುವೆ ಫೋನು ಇಟ್ಟು, ದನಿ ಎಲ್ಲರಿಗೂ ಕೇಳುವಂತೆ ಮಾಡಲಾಯಿತು. ಒಂದು ಕಡೆ ಫಿಸಿಕ್ಸ್ ಮೇಡಂ, ಇನ್ನೊಂದು ಕಡೆ ಅಕ್ಕ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದಂತೆ ಬಹಳ ಎಚ್ಚರ ವಹಿಸಿದ್ದರು. ಬಾಗಿಲ ಬಳಿ ಮಾವನವರು. ಯಾರೂ ಕರೆದಿರಲಿಲ್ಲ, ವಿಚಾರಣೆ ಎಂದ ಮೇಲೆ ಸಾಕ್ಷಿ ಬೇಡವೇ ಎಂದು ಅವರೇ ಬಂದಿದ್ದರು. ಧ್ವನಿಪೆಟ್ಟಿಗೆ ಮಾತ್ರ ಕಾಣಲಿಲ್ಲ. ಅವನಿಗೆ ಹಲ್ಲುನೋವಂತೆ.

"ಶುರುಮಾಡಿ ಎಂಬುದಾಗಿ," ಎಂದಿತು ಮೂಗು.

ಮುನ್ನುಡಿಯವರು ಎದ್ದು ನಿಂತರು. ಕೈಯಲ್ಲಿ ಪುಸ್ತಕ ಇರಲಿಲ್ಲ.

"ಸಾರ್, ಈ ಡೋಸ್ ನಿಜವಾಗಿ ನನ್ನ ಮೈಮೇಲೆ ಒಟ್ಟಿಗೆ ಬಿದ್ದಿದ್ರೆ ಮೊದಲು ವಾಂತಿ ಆಗ್ಬೇಕಿತ್ತು. ಆಗ್ಲಿಲ್ಲ."

"ಊಟದಲ್ಲಿ ಒಂದು ದಿನವೂ ಕಡಿಮೆ ಆಗ್ಲಿಲ್ಲ," ಎಂದು ಮಾವನವರು ಸಾಕ್ಷಿ ನುಡಿದರು.

"ಆಮೇಲೆ ರಕ್ತ. ಲಿಂಫೋಸೈಟ್ ಅನ್ನೋ ಬಿಳಿಕಣ ಎಲ್ಲಕ್ಕಿಂತ ಬೇಗ ಇಳಿಯುತ್ತೆ, ಎರಡೇ ದಿನದಲ್ಲಿ. ಉಳಿದ ಬಿಳಿಕಣ, ಪ್ಲೇಟ್‌ಲೆಟ್ ಎಲ್ಲ ಆಮೇಲೆ ವಾರಗಟ್ಟಲೆ ಇಳೀತವೆ. ಯಾಕಂದ್ರೆ ಅವು ಹುಟ್ಟೋದು ಮೂಳೆ ಒಳಗಿನ ಮಜ್ಜೇಲಿ. ಕಾರ್ಖಾನೆ ಮುಚ್ಚಿದ್ರೂ ಅಂಗಡೀಲಿರೋ ಸರಕು ಸ್ವಲ್ಪ ದಿನ ಬರುತ್ತೆ. ನನ್ನ ಅಂಗಡಿ ತುಂಬಿದೆ ಸಾರ್, ಕಾರ್ಖಾನೆಯೂ ನಡೀತಿದೆ. ಮೂರು ತಿಂಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿತ್ತು ಅಂತೀರಾ? ಬೀಳೋಕೆ ನಾನು ಒಳಗಿರ್ಬೇಕು. ಬಾಗಿಲು ತೆರೆದ್ರೆ ಯಂತ್ರ ತಾನಾಗಿ ನಿಲ್ಲುತ್ತೆ. ಗೋಡೆ ದಾಟಿ ಇಷ್ಟು ಬರಲ್ಲ. ಬಂದಿದ್ರೆ ಪಕ್ಕದಲ್ಲೇ ಇರೋ ಅಕ್ಕನ ಬ್ಯಾಡ್ಜೂ ಹೇಳ್ಬೇಕಿತ್ತು. ಅದು ಸುಮ್ಮನಿದೆ."

ಅಕ್ಕ ಎದೆಯ ಮೇಲಿನ ಬ್ಯಾಡ್ಜ್ ಮುಟ್ಟಿ ನೋಡಿಕೊಂಡರು. ಮೇಡಂ ಬಾಯಿ ತೆರೆದುಕೊಂಡು ಕೂತಿದ್ದರು. ನಾಟಕದ ಭಾಗವಾಗಿ ಅಲ್ಲ.

"ಆದ್ದರಿಂದ," ಎಂದರು ಮುನ್ನುಡಿಯವರು, "ನಾನು ಹೊರಗಿದ್ದೆ. ಬ್ಯಾಡ್ಜ್ ಒಳಗಿತ್ತು. ಸತ್ತಿದ್ರೆ ಅದು ಸತ್ತಿರ್ಬೇಕು ಸಾರ್, ನಾನಲ್ಲ."

ಫೋನಿನಲ್ಲಿ ಸರಸರ ಸದ್ದು, ಯಾರೋ ಅವಸರದಲ್ಲಿ ಬರೆಯುತ್ತಿರುವ ಹಾಗೆ. ಆಮೇಲೆ ಮೂಗೇ ಇಲ್ಲದ, ಎಳೆಯ, ಕಂಗಾಲಾದ ಒಂದು ದನಿ:

"ಸಾರ್ ಸಾರ್, ಸ್ವಲ್ಪ ನಿಧಾನ. ಲಿಂಫೋಸೈಟ್ ಎಷ್ಟು ದಿನದಲ್ಲಿ ಅಂದ್ರಿ? ಆ ಅಂಗಡಿದು ಇನ್ನೊಂದ್ಸಲ ಹೇಳಿ, ನನಗೆ ಅದು ಯಾವತ್ತೂ ತಲೆಗೆ ಹೋಗಿಲ್ಲ."

ಆ ಮಾತು ಎರಡು ಕಡೆಯಿಂದ ಕೇಳಿಸಿತು. ಒಂದು ಫೋನಿನಿಂದ. ಇನ್ನೊಂದು ಪಕ್ಕದ ಸಾಮಾನು ಕೋಣೆಯ ಬಾಗಿಲಿಂದ.

ಮಾವನವರು ಎದ್ದರು. ಜೀವಮಾನವಿಡೀ ರೈಲಿನ ಶೌಚಾಲಯದ ಬಾಗಿಲು ತಟ್ಟಿ ಟಿಕೆಟಿಲ್ಲದವರನ್ನು ಹೊರಗೆ ತೆಗೆದವರು. ಹಳೆಯ ಕಸುಬು ಕಾಲಿಗೆ ಬಂತು. ಎರಡು ಹೆಜ್ಜೆಗೆ ಬಾಗಿಲ ಬಳಿ ನಿಂತು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿ, "ಟಿಕೆಟ್" ಎಂದರು.

ಧ್ವನಿಪೆಟ್ಟಿಗೆ ಕಾಗದ ಪೆನ್ನಿನ ಸಮೇತ ಹೊರಬಂದ.

ಅಲ್ಲಿಗೆ ಮೇಡಂಗೆ ತಡೆಯಲಾಗಲಿಲ್ಲ. ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋಗಿ ದಪ್ಪ ಪುಸ್ತಕ ತಂದು ಮೇಜಿನ ಮೇಲೆ ಇಟ್ಟರು. ಕ್ಲಿಪ್ಪಿನ ಒತ್ತು ಇನ್ನೂ ಕಾಣುತ್ತಿತ್ತು.

"ಇದ್ರೊಳಗಿತ್ತು ಡಾಕ್ಟ್ರೇ ನಿಮ್ಮ ಬ್ಯಾಡ್ಜು. ಅಚ್ಚಿನ ಕಪಾಟಲ್ಲಿ. ಮೂರು ತಿಂಗಳು ಒಂದು ಪುಟವೂ ಮುಂದೆ ಹೋಗಿಲ್ಲ."

"ಪುಟ ಯಾವುದು?" ಎಂದರು ಮಾವ.

"ಒಂಬತ್ತು. ಮುನ್ನುಡಿ."

ಎಲ್ಲರೂ ನಕ್ಕರು. ಮಾವನವರು ಗೋಡೆ ಹಿಡಿದುಕೊಂಡು ನಕ್ಕರು. ನಗದವರು ಒಬ್ಬರೇ. ಮುನ್ನುಡಿಯವರು ಪುಸ್ತಕ ತೆಗೆದುಕೊಂಡು, ನಿಂತಲ್ಲೇ ಒಂಬತ್ತನೆಯ ಪುಟದ ಕೊನೆಯ ಸಾಲನ್ನು ಓದಿದರು. 'ಈ ಪುಸ್ತಕವನ್ನು ಆರಿಸಿಕೊಂಡ ನೀವು ಅರ್ಧ ದಾರಿ ಕ್ರಮಿಸಿದಂತೆಯೇ.' ಅದನ್ನು ಮೆಲ್ಲಗೆ ಮುಚ್ಚಿ, ರಟ್ಟಿಲ್ಲದ್ದನ್ನು ಬ್ಯಾಗಿನಿಂದ ತೆಗೆದು ಕಂಕುಳಲ್ಲಿಟ್ಟುಕೊಂಡು, ಯಾರೊಂದಿಗೂ ಮಾತಾಡದೆ ಹೊರಟುಹೋದರು.

ನಗು ನಿಂತಿತು.

"ಅತಿಯಾಯ್ತೇನೋ," ಎಂದರು ಮೇಡಂ.

ಪರೀಕ್ಷೆಯವರೆಗೂ ಮುನ್ನುಡಿಯವರು ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಧ್ವನಿಪೆಟ್ಟಿಗೆ ದಿನಕ್ಕೊಂದು ಸಲ ಅವರ ಮುಂದೆ ನಿಂತು ಸ್ವಂತ ದನಿಯಲ್ಲಿ ಕ್ಷಮೆ ಕೇಳಿದ. ಅದು ಅವನ ಅತ್ಯಂತ ಕಳಪೆ ಅನುಕರಣೆಯೆಂದು ಅಕ್ಕನ ಅಭಿಪ್ರಾಯ. ಉತ್ತರವಾಗಿ ಡಾಕ್ಟರು ಒಂದು ಹಾಳೆ ಕೊಟ್ಟರು. ಅದರಲ್ಲಿ ಅಂಗಡಿ, ಕಾರ್ಖಾನೆಯ ಚಿತ್ರವಿತ್ತು. ಅದು ಕ್ಷಮೆಯೋ ಪಾಠವೋ ಅವನಿಗೆ ತಿಳಿಯಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಮುನ್ನುಡಿಯವರು ಒಳಗೆ ಹೋದರು. ಅವರ ನಂತರದವನು ಧ್ವನಿಪೆಟ್ಟಿಗೆ. ಹೊರಗಿನ ಬೆಂಚಿನಲ್ಲಿ ಕೂತು, ಪಾರ್ಟಿಶನ್ ಹಲಗೆಗೆ ಕಿವಿ ಕೊಟ್ಟ. ಒಳಗಿದ್ದವರು ಹಿಂದಿನ ಸಲದ ಪರೀಕ್ಷಕರೇ.

"ನಾಲ್ಕನೇ ಆವೃತ್ತಿ," ಎಂದರು ಗುರುತು ಹಿಡಿದು. "ಕೂತ್ಕೊಳ್ಳಿ. ಇದಕ್ಕಾದ್ರೂ ಉತ್ತರ ಹೇಳಿ. ಒಬ್ಬ ಸಿಬ್ಬಂದಿಯ ಬ್ಯಾಡ್ಜು ಮಿತಿಗಿಂತ ನೂರಾರು ಪಟ್ಟು ತೋರಿಸ್ತಿದೆ. ಆಸಾಮಿ ನಿಮ್ಮ ಮುಂದೆ ಗುಂಡುಕಲ್ಲಿನ ಹಾಗೆ ಕೂತಿದ್ದಾನೆ. ಮೊದಲು ಏನು ಮಾಡ್ತೀರಿ?"

ಧ್ವನಿಪೆಟ್ಟಿಗೆ ಬೆಂಚಿನ ತುದಿಗೆ ಜರುಗಿ ಕಿವಿಯನ್ನು ಹಲಗೆಗೆ ಇನ್ನೂ ಒತ್ತಿದ. ಇದೂ ತನ್ನದೇ ಕಿತಾಪತಿ ಎಂದು ಅವರು ತಿಳಿದರೆ ಮುಗಿಯಿತು.

ಆಮೇಲೆ ಕುಕ್ಕರಿನಿಂದ ಹಬೆ ಹೊರಡುವಂಥ ಸಣ್ಣ ಶಬ್ದ. ಅದು ದೊಡ್ಡದಾಯಿತು. ಕುರ್ಚಿ ಕಿರುಗುಟ್ಟಿತು.

"ಸಾರ್," ಎಂದಿತು ಉಸಿರು ಸಿಕ್ಕದ ದನಿ, "ಮೊದಲು ಅವನನ್ನ ನೆಲದ ಮೇಲೆ ಕೂರಿಸ್ತೀನಿ. ಕುರ್ಚಿಯಿಂದ ಜಾರೋ ಕೆಲಸ ಉಳಿಯುತ್ತೆ. ಆಮೇಲೆ, ಏನಪ್ಪಾ, ಯಾವ ಪುಸ್ತಕ ಓದ್ತಿದ್ದೀಯ, ಅದನ್ನ ಎಲ್ಲಿಟ್ಟಿದ್ದೀಯ ಅಂತ ಕೇಳ್ತೀನಿ."

"ಪುಸ್ತಕ ಯಾಕೆ?"

ಮುನ್ನುಡಿಯವರು ಹೇಳಿದರು. ರಕ್ತ, ಮಜ್ಜೆ, ಬಾಗಿಲು, ಗೋಡೆ, ಅಕ್ಕನ ಬ್ಯಾಡ್ಜು, ಕೊನೆಗೆ ಒಂಬತ್ತನೆಯ ಪುಟ. ಒಂದು ಸಾಲು ಹೇಳುವುದು, ನಗುವುದು, ಇನ್ನೊಂದು ಸಾಲು. ಪರೀಕ್ಷಕರೂ ತಡೆಯಲಾಗದೆ ಶುರುಮಾಡಿದರು. ಉದ್ದನೆಯ ಹಜಾರದಲ್ಲಿ ಸರದಿಗಾಗಿ ಕಾಯುತ್ತಿದ್ದವರು ಪುಸ್ತಕದಿಂದ ತಲೆಯೆತ್ತಿದರು. ಎಷ್ಟೋ ದಿನ ಮುಚ್ಚಿಟ್ಟದ್ದೆಲ್ಲ ಒಟ್ಟಿಗೆ ಹೊರಬರುತ್ತಿತ್ತು. ಪರೀಕ್ಷಕರ ನಗುವಿನ ಮೇಲೆ ಇನ್ನೊಂದು ಮಹಡಿ ಕಟ್ಟಿದಂಥ ನಗು.

ಮುನ್ನುಡಿಯವರು ಪಾಸಾದರು. ಹಾಳೆಯ ಪುಣ್ಯದಿಂದ ಧ್ವನಿಪೆಟ್ಟಿಗೆಯೂ ಪಾಸಾದ. ಈಗಲೂ ವಿಭಾಗದಲ್ಲಿ ಯಾರಾದರೂ ಕೇಳಿದರೆ ಎಲ್ಲರ ದನಿಯನ್ನೂ ತೆಗೆದು ತೋರಿಸುತ್ತಾನೆ: ಮೂಗಿನ ಅಧಿಕಾರಿ, ಟಿಕೆಟ್ ಕೇಳುವ ಮಾವ, ಗೊಣಗುವ ಲಿಫ್ಟು. ಆ ಹಲಗೆಯ ಆಚೆಯಿಂದ ಕೇಳಿದ ನಗುವೊಂದು ಮಾತ್ರ ಅವನ ಗಂಟಲಿಗೆ ಇವತ್ತಿಗೂ ಹಿಡಿಸಿಲ್ಲ. ಪ್ರಯತ್ನ ಮಾಡಿದಾಗಲೆಲ್ಲ ಪಕ್ಕದ ಕೋಣೆಯಿಂದ ಅಸಲಿಯೇ ಕೇಳಿಬರುತ್ತದೆ, ಅವನದಕ್ಕಿಂತ ಜೋರಾಗಿ.